ನೆಲದ ಮಣ್ಣು ಮತ್ತು ದೇವರ ಸ್ವರೂಪ

ಆದಿಕಾಂಡದ ಎರಡನೆಯ ಅಧ್ಯಾಯದ ಪ್ರಕಾರ ದೇವರು ಮನುಷ್ಯನನ್ನು ನೆಲದ ಮಣ್ಣಿನಿಂದ ರೂಪಿಸಿದನು. ಹೀಬ್ರೂ ಭಾಷೆಯಲ್ಲಿ 'ಆದಾಮ್' ಎಂದರೆ ಮನುಷ್ಯ, 'ಅದಾಮಾ' ಎಂದರೆ ನೆಲ. ಮೃಗಪಕ್ಷಿಗಳೂ ಅದೇ ನೆಲದಿಂದ ಉಂಟಾದವೆಂದು 19ನೆಯ ವಚನವು ತಿಳಿಸುತ್ತದೆ.

ಈ ಬಂಧುತ್ವಕ್ಕೆ ಜೀವವಿಜ್ಞಾನವು ತನ್ನದೇ ರೀತಿಯಲ್ಲಿ ಸಾಕ್ಷಿ ನುಡಿಯುತ್ತದೆ. ಸುಮಾರು 350 ಕೋಟಿ ವರ್ಷಗಳ ಹಿಂದೆಯೇ ಭೂಮಿಯಲ್ಲಿ ಸೂಕ್ಷ್ಮಜೀವಿಗಳಿದ್ದವು. ಕೆನಡಾದ ಉತ್ತರಧ್ರುವ ಪ್ರದೇಶದಲ್ಲಿ 2004ರಲ್ಲಿ ದೊರೆತ 'ಟಿಕ್ಟಾಲಿಕ್' ಎಂಬ ಮೀನಿನ ಪಳೆಯುಳಿಕೆಯು ಸುಮಾರು 37.5 ಕೋಟಿ ವರ್ಷಗಳಷ್ಟು ಹಳೆಯದು. ಅದರ ಈಜುರೆಕ್ಕೆಯಲ್ಲಿ ನಮ್ಮ ತೋಳು, ಮಣಿಕಟ್ಟುಗಳ ಎಲುಬುಗಳಿಗೆ ಸಮಾನವಾದ ಎಲುಬುಗಳಿವೆ. ಅಂಥ ಮೀನುಗಳ ಬಳಗದಿಂದಲೇ ನಾಲ್ಕು ಕಾಲಿನ ಜೀವಿಗಳೂ ಬಹುಕಾಲದ ಮೇಲೆ ಮನುಷ್ಯರೂ ಉದಯಿಸಿದರು. ನಮ್ಮ ಪ್ರಭೇದದ ಅತ್ಯಂತ ಹಳೆಯ ಪಳೆಯುಳಿಕೆಗಳಿಗೆ ಸುಮಾರು ಮೂರು ಲಕ್ಷ ವರ್ಷವಷ್ಟೇ.

ಹಾಗಾದರೆ ನಾವು ದೇವರ ಸ್ವರೂಪದಲ್ಲಿದ್ದೇವೆಂಬ ಘನತೆಗೆ ಕುಂದುಂಟಾಗುವುದೇ? ಆ ಘನತೆಯು ಪೂರ್ವಿಕರ ಹಿರಿಮೆಯಿಂದ ಬಂದುದಲ್ಲ, ದೇವರ ಕರೆಯಿಂದ ಬಂದುದು. ಹುಟ್ಟನ್ನು ನೋಡಿ ಮನುಷ್ಯರನ್ನು ಅಳೆಯುವ ನಮ್ಮ ಸಮಾಜದಲ್ಲಿ ಇದನ್ನು ಸಭೆಗೆ ಸ್ಪಷ್ಟವಾಗಿ ಬೋಧಿಸುವ ಹೊಣೆ ನಮ್ಮದು. ಲೂಕನು ಯೇಸುವಿನ ವಂಶಾವಳಿಯನ್ನು ಆದಾಮನವರೆಗೂ ಒಯ್ಯುತ್ತಾನೆ. ಮನುಷ್ಯನಾಗಿ ಬಂದ ಕ್ರಿಸ್ತನು ಧರಿಸಿದ್ದು ಇದೇ ಮಣ್ಣಿನ ಶರೀರವನ್ನು, ಇಷ್ಟು ದೀರ್ಘ ಚರಿತ್ರೆಯುಳ್ಳ ಶರೀರವನ್ನು.