ಸಿಡಿ ಪ್ಲೇಯರ್ ಹೇಳುವ ಸಣ್ಣ ಸುಳ್ಳು

ನಮ್ಮ ಮನೆಯ ಶೋಕೇಸಿನ ಕೆಳಗಿನ ಎರಡು ಖಾನೆಗಳಲ್ಲಿ ಸುಮಾರು 300 ಸಿಡಿಗಳಿವೆ. ಮಲ್ಲಿಕಾರ್ಜುನ ಮನ್ಸೂರರ ಖಯಾಲು, ಗಂಗೂಬಾಯಿ ಹಾನಗಲ್ಲರ ಗಡಸು ದನಿ, ಸಿ. ಅಶ್ವಥ್ ಮತ್ತು ಮೈಸೂರು ಅನಂತಸ್ವಾಮಿ ಹಾಡಿದ ಭಾವಗೀತೆಗಳು, ಯಕ್ಷಗಾನ, ಹಳೆಯ ಸಿನಿಮಾ ಹಾಡು ಎಲ್ಲವೂ ಅಲ್ಲಿವೆ. ಕಳೆದ ವರ್ಷ ಪ್ಲೇಯರ್ ಮುನಿಸಿಕೊಂಡಿತು. ತಟ್ಟೆಯನ್ನು ಒಳಗೆಳೆದುಕೊಂಡು ಎರಡು ಸಲ ಗಿರ್ ಎಂದು ಸುತ್ತಿ, ಡಿಸ್ಕೇ ಇಲ್ಲ ಎಂದು ತೋರಿಸಿ ಉಗುಳಿಬಿಡುತ್ತಿತ್ತು. ರಿಪೇರಿಯವರು “ಇದರ ಲೆನ್ಸ್ ಈಗ ಎಲ್ಲಿ ಸಿಗುತ್ತೆ ಸಾರ್” ಎಂದು ಕೈಚೆಲ್ಲಿದರು. ಆಂಪ್ಲಿಫೈಯರ್ ಗಟ್ಟಿಮುಟ್ಟಾಗಿತ್ತು, ಸ್ಪೀಕರುಗಳೂ ಚೆನ್ನಾಗಿದ್ದವು. ಕಡಿದುಹೋದದ್ದು ನಡುವಿನ ಕೊಂಡಿ ಮಾತ್ರ. ಹಾಗಾಗಿ ಅಷ್ಟೂ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿ, ಅದೇ ಸ್ಟೀರಿಯೋದಲ್ಲಿ ಕೇಳುವ ಏರ್ಪಾಡಿಗೆ ಕೈಹಾಕಿದೆ.

ಕ್ಯಾಸೆಟ್ ಇಳಿಸಿದವರಿಗೆ ಆ ಕಷ್ಟ ಗೊತ್ತು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕಾಯಬೇಕು, ಜೊತೆಗೆ ಅದರ ಸುಯ್ ಸದ್ದನ್ನೂ ನಕಲು ಮಾಡಿಕೊಳ್ಳಬೇಕು. ಸಿಡಿಯ ಮಾತು ಬೇರೆ. ಅದರಲ್ಲಿರುವುದು ಹುಟ್ಟಿನಿಂದಲೇ ಅಂಕಿಗಳು. ಆ ಅಂಕಿಗಳು ಮನೆ ಬದಲಾಯಿಸಬೇಕು, ಅಷ್ಟೆ. ಕೇಳಲು ಸುಲಭ. ಆದರೆ ಈ ಸ್ಥಳಾಂತರದಲ್ಲಿ ಒಂದೆರಡು ಸಾಮಾನು ಕಾಣೆಯಾದರೂ ಯಾರೂ ನಮಗೆ ಹೇಳುವುದಿಲ್ಲ.

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ 1980ರಲ್ಲಿ ಸಿಡಿಯ ನಿಯಮಗಳನ್ನು ಬರೆದವು. 1982ರ ಅಕ್ಟೋಬರ್ 1ರಂದು ಮೊದಲ ಪ್ಲೇಯರ್ ಜಪಾನಿನ ಅಂಗಡಿಗೆ ಬಂತು. ಅಂದು ಗೊತ್ತುಪಡಿಸಿದ ಲೆಕ್ಕವೇ ಇಂದಿಗೂ ನಡೆದಿದೆ. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯುವುದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯ ಮೇಲೆ ಒಂದು ಮೆಟ್ಟಿಲಿಗೆ ಕೂರಿಸುವುದು, ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಸಾಲು ಬರೆಯುವುದು. 44,100 ಎಂಬ ವಿಚಿತ್ರ ಸಂಖ್ಯೆಗೂ ಕಾರಣವಿದೆ. ಆಗ ಇಷ್ಟೊಂದು ಅಂಕಿಗಳನ್ನು ತುಂಬಿಡಲು ಕೈಗೆಟುಕುತ್ತಿದ್ದದ್ದು ವಿಡಿಯೋ ಟೇಪ್. ಟಿವಿ ಚಿತ್ರದ ಒಂದು ಗೆರೆಯಲ್ಲಿ ಮೂರು ಅಳತೆ, ಒಮ್ಮೆಗೆ 245 ಗೆರೆ, ಸೆಕೆಂಡಿಗೆ 60 ಬಾರಿ. ಗುಣಿಸಿ ನೋಡಿ, ಸರಿಯಾಗಿ 44,100. ಸಂಗೀತದ ತಟ್ಟೆಯ ಮೇಲೆ ಟಿವಿಯ ಮುದ್ರೆ ಬಿದ್ದದ್ದು ಹೀಗೆ.

ಈ ಅಂಕಿಗಳು ತಟ್ಟೆಯಲ್ಲಿ ಸುರುಳಿ ಸಾಲಾಗಿ ಒಳಗಿನಿಂದ ಹೊರಕ್ಕೆ ಸಾಗುತ್ತವೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಅಂತರ 1.6 ಮೈಕ್ರಾನ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ನಲವತ್ತು ಐವತ್ತು ಸುತ್ತು ಹಿಡಿಯುತ್ತವೆ. ತುಂಬಿದ ಸಿಡಿಯ ಸುರುಳಿಯನ್ನು ಬಿಡಿಸಿ ಎಳೆದರೆ ಐದು ಕಿಲೋಮೀಟರಿಗೂ ಉದ್ದ. ಅದರುದ್ದಕ್ಕೂ ಸಣ್ಣ ಕುಳಿಗಳಿವೆ. ಕಣ್ಣಿಗೆ ಕಾಣದ 780 ನ್ಯಾನೋಮೀಟರ್ ಲೇಸರ್ ಕಿರಣ ಅವುಗಳ ಮೇಲೆ ಹರಿಯುತ್ತದೆ. ಸಮತಟ್ಟಿನಲ್ಲಿ ಬೆಳಕು ಚೆನ್ನಾಗಿ ಮರಳುತ್ತದೆ, ಕುಳಿಯಲ್ಲಿ ಮಂಕಾಗುತ್ತದೆ. ಕುಳಿಯೆಂದರೆ ಸೊನ್ನೆ, ಬಯಲೆಂದರೆ ಒಂದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕುಳಿಯ ಅಂಚು ಬಂದ ಕಡೆ ಒಂದು. ಅಂಚಿಲ್ಲದ ಕಡೆಯೆಲ್ಲ, ಅದು ಕುಳಿಯ ತಳವೇ ಇರಲಿ ಬಯಲೇ ಇರಲಿ, ಸೊನ್ನೆ.

ಇಷ್ಟು ಸೂಕ್ಷ್ಮ ಬರಹದ ಮೇಲೆ ಮಕ್ಕಳ ಬೆರಳು, ಧೂಳು, ಸಾಂಬಾರಿನ ಕೈ ಎಲ್ಲ ಆಡಿದರೂ ಹಾಡು ಕೇಳುತ್ತದಲ್ಲ, ಹೇಗೆ? ಮೊದಲ ರಕ್ಷಣೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್. ಬರಹ ಇರುವುದು ಅದರ ಆಚೆ ಬದಿಯಲ್ಲಿ. ಲೇಸರ್ ಈಚೆಯ ಮೇಲ್ಮೈಯನ್ನು ಹೊಗುವಾಗ ಮಿಲಿಮೀಟರಿನ ಹತ್ತಿರ ಅಗಲವಾಗಿರುತ್ತದೆ, ಒಳಗೆ ಹೋಗುತ್ತಾ ಚೂಪಾಗುತ್ತದೆ. ಕನ್ನಡಕದ ಮೇಲಿನ ಧೂಳು ದೂರದ ಬೋರ್ಡನ್ನು ಓದಲು ಅಡ್ಡಿಯಾಗದ ಹಾಗೆ, ಮೇಲಿನ ಸಣ್ಣ ಗೀರು ಅದಕ್ಕೆ ಕಾಣುವುದೇ ಇಲ್ಲ. ನಿಜವಾದ ಮರ್ಮಸ್ಥಾನ ಹೆಸರು ಅಚ್ಚಾಗಿರುವ ಬದಿ. ಹೊಳೆಯುವ ಅಲ್ಯೂಮಿನಿಯಂ ಪದರ ಅಲ್ಲಿ ತೆಳು ಮೆರುಗೆಣ್ಣೆಯ ಕೆಳಗೇ ಇರುತ್ತದೆ. ಅಲ್ಲಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಗಿಯಿತು. ಕೆಳಬದಿಯನ್ನು ಕಾಪಾಡಿ, ಮೇಲುಬದಿಯನ್ನು ಮೇಜಿನ ಮೇಲೆ ಕವುಚಿ ಹಾಕುವ ನಮ್ಮ ಅಭ್ಯಾಸ ಪೂರ್ತಿ ತಲೆಕೆಳಗು.

ಎರಡನೆಯ ರಕ್ಷಣೆ ಗಣಿತದ್ದು. ಪ್ರತಿ 24 ಬೈಟ್ ಸಂಗೀತದ ಜೊತೆ 8 ಬೈಟ್ ಸಾಕ್ಷಿ ಇರುತ್ತದೆ. ಅರ್ವಿಂಗ್ ರೀಡ್ ಮತ್ತು ಗಸ್ಟೇವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ವಿಧಾನ ಇದು. ಕೆಲವು ಅಂಕಿ ಅಳಿಸಿಹೋದರೂ ಉಳಿದವುಗಳಿಂದ ಅವನ್ನು ಲೆಕ್ಕಹಾಕಿ ಹೊರಡಿಸಬಹುದು. ಸಾಲದ್ದಕ್ಕೆ, ಒಂದು ಕ್ಷಣದ ಸಂಗೀತವನ್ನು ಒಂದೇ ಕಡೆ ಬರೆಯದೆ ಸಾಲಿನುದ್ದಕ್ಕೂ ಚದುರಿಸಿರುತ್ತಾರೆ. ಮದುವೆ ಮನೆಯ ಸಾಮಾನನ್ನು ಹತ್ತು ಗಾಡಿಗಳಲ್ಲಿ ಬೆರೆಸಿ ಕಳಿಸಿದ ಹಾಗೆ. ಒಂದು ಗಾಡಿ ಹಳ್ಳಕ್ಕೆ ಬಿದ್ದರೆ ಎಲ್ಲದರಲ್ಲೂ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಅಕ್ಕಿಯೆಲ್ಲ ಹೋಯಿತು ಅನ್ನುವ ಸ್ಥಿತಿ ಬರುವುದಿಲ್ಲ. ಸಾಲಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಈ ಲೆಕ್ಕ ಮೂಲವನ್ನು ಚಾಚೂ ತಪ್ಪದೆ ಮರಳಿಸಬಲ್ಲದು.

ಹಾನಿ ಅದನ್ನೂ ಮೀರಿದರೆ? ಆಗ ಪ್ಲೇಯರ್ ಸುಳ್ಳು ಹೇಳುತ್ತದೆ. ಕಳೆದುಹೋದ ಅಳತೆಯ ಹಿಂದಿನದನ್ನೂ ಮುಂದಿನದನ್ನೂ ನೋಡಿ, ನಡುವೆ ಹೊಂದುವ ಒಂದು ಸಂಖ್ಯೆಯನ್ನು ತಾನೇ ಹುಟ್ಟಿಸಿ ತುಂಬುತ್ತದೆ. ತಾಳ ತಪ್ಪಿದ್ದನ್ನು ಮುಖದಲ್ಲಿ ತೋರಿಸದೆ ಸಮಕ್ಕೆ ಬಂದು ಸೇರುವ ಜಾಣ ತಬಲಜಿಯ ಹಾಗೆ. ಕೇಳುವವರಿಗೆ ಇದು ಉಪಕಾರವೇ. ಆದರೆ ಶಾಶ್ವತ ಪ್ರತಿ ತೆಗೆಯುವಾಗ ಇದೇ ಗುಣ ಮುಳುವಾಗುತ್ತದೆ. ಕಂಪ್ಯೂಟರಿನ ಡ್ರೈವ್ ಕೂಡ ಇದೇ ಸಭ್ಯತೆ ತೋರಿಸಿ, ಊಹಿಸಿದ ಅಂಕಿಗಳನ್ನು ಅಸಲಿಯ ಜೊತೆ ಬೆರೆಸಿ ಕೊಟ್ಟುಬಿಡಬಹುದು.

ಇನ್ನೊಂದು ತೊಡಕೂ ಇದೆ. ಕಡತಗಳಿಗಾಗಿ ಬಂದ ಸಿಡಿ-ರಾಮಿನಲ್ಲಿ 2,352 ಬೈಟುಗಳ ಪ್ರತಿ ತುಂಡಿನಲ್ಲೂ ವಿಳಾಸಕ್ಕೆ, ಹೆಚ್ಚುವರಿ ಸಾಕ್ಷಿಗೆ ಅಂತ ಜಾಗ ಬಿಟ್ಟಿದ್ದಾರೆ. ಹಾಡಿನ ಸಿಡಿಯಲ್ಲಿ ಅಷ್ಟೂ ಜಾಗ ಹಾಡಿಗೇ ಮೀಸಲು. ಆದ್ದರಿಂದ ತಾನು ಓದುತ್ತಿರುವ ಜಾಗ ಕರಾರುವಾಕ್ಕಾಗಿ ಯಾವುದು ಎಂದು ಡ್ರೈವಿಗೇ ಖಾತ್ರಿಯಿಲ್ಲ. ಮಧ್ಯೆ ನಿಂತು ಮತ್ತೆ ಶುರುಮಾಡಿದರೆ ಕೂದಲೆಳೆಯಷ್ಟು ಹಿಂದೆ ಮುಂದೆ ಆದೀತು.

ಇದಕ್ಕಾಗಿಯೇ ಅನುಮಾನದ ಸ್ವಭಾವದ ತಂತ್ರಾಂಶಗಳಿವೆ. ವಿಂಡೋಸಿಗೆ ‘ಎಕ್ಸಾಕ್ಟ್ ಆಡಿಯೊ ಕಾಪಿ’, ಮ್ಯಾಕಿಗೆ ‘ಎಕ್ಸ್ಎಲ್‌ಡಿ’. ಲಿನಕ್ಸಿನದರ ಹೆಸರೇ ‘ಸಿಡಿಪ್ಯಾರನೋಯಾ’, ಅಂದರೆ ಯಾರನ್ನೂ ನಂಬದ್ದು. ಇವು ಒಂದೇ ಜಾಗವನ್ನು ಎರಡು ಸಲ ಓದಿಸಿ ತಾಳೆ ನೋಡುತ್ತವೆ, ಹೊಂದದಿದ್ದರೆ ಮತ್ತೆ ಮತ್ತೆ ಓದಿಸುತ್ತವೆ. ನನ್ನ ಒಂದು ಭಾವಗೀತೆಯ ಸಿಡಿಯಲ್ಲಿ ಮೂರು ಹಾಡು ಸರಾಗವಾಗಿ ಇಳಿದವು. ನಾಲ್ಕನೆಯದರಲ್ಲಿ ಗಾಡಿ ನಿಂತಿತು. ಡ್ರೈವ್ ಏದುಸಿರು ಬಿಡುತ್ತಾ ಅದೇ ಅರೆಕ್ಷಣವನ್ನು ಹತ್ತಾರು ಸಲ ಓದಿತು, ನಾನು ಕಾಫಿ ಕುಡಿದು ಬಂದರೂ ಮುಗಿದಿರಲಿಲ್ಲ. ತಟ್ಟೆ ತೆಗೆದು, ಮೆತ್ತನೆಯ ಹತ್ತಿಬಟ್ಟೆ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಮತ್ತೆ ಹಾಕಿದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಒರೆಸುವಾಗ ದುಂಡಗೆ ತಿರುಗಿಸಬಾರದು. ದುಂಡಗಿನ ಗೀರು ಒಂದೇ ಸಾಲಿನ ಮೇಲೆ ಉದ್ದಕ್ಕೂ ಬೀಳುತ್ತದೆ, ಆಗ ಚದುರಿಸಿಟ್ಟ ಗಾಡಿಗಳೆಲ್ಲ ಒಟ್ಟಿಗೇ ಹಳ್ಳಕ್ಕೆ. ಅಡ್ಡ ಗೀರಾದರೆ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹೋಗುತ್ತದೆ.

ಕೊನೆಗೆ ಪಂಚಾಯ್ತಿ. ಇಳಿಸಿದ ಹಾಡಿನಿಂದ ತಂತ್ರಾಂಶ ಒಂದು ಮೊತ್ತ ತೆಗೆದು, ಅದೇ ಸಿಡಿಯನ್ನು ಇಳಿಸಿದ ಬೇರೆಯವರ ಮೊತ್ತದೊಂದಿಗೆ ‘ಆಕ್ಯುರೇಟ್‌ರಿಪ್’ ಎಂಬ ಕೋಶದಲ್ಲಿ ಹೋಲಿಸುತ್ತದೆ. ಬೇರೆ ಊರು, ಬೇರೆ ಡ್ರೈವ್, ಅದೇ ಮೊತ್ತ ಬಂದರೆ ನಿಶ್ಚಿಂತೆ. ನನ್ನ ಕನ್ನಡ ಸಿಡಿಗಳಲ್ಲಿ ಹಲವಕ್ಕೆ ಸಾಕ್ಷಿ ಹೇಳುವವರೇ ಸಿಗಲಿಲ್ಲ. ಅಂಥವನ್ನು ಎರಡು ಬೇರೆ ಡ್ರೈವುಗಳಲ್ಲಿ ಇಳಿಸಿ ನಾನೇ ತಾಳೆ ನೋಡಿದೆ.

ಇಳಿದ ಹಾಡನ್ನು ಯಾವ ರೂಪದಲ್ಲಿ ಇಡಬೇಕು? ಹಾಗೇ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಎಂಪಿ3 ಮಾಡಿದರೆ ಅದರ ಹತ್ತನೇ ಒಂದು ಭಾಗಕ್ಕೂ ಇಳಿಸಬಹುದು, ಆದರೆ ನಮ್ಮ ಕಿವಿಗೆ ಬೀಳಲಿಕ್ಕಿಲ್ಲ ಎಂದು ಅದು ಅಂದಾಜಿಸಿದ್ದನ್ನೆಲ್ಲ ಕತ್ತರಿಸಿ ಎಸೆದಿರುತ್ತದೆ. ಮಧ್ಯಮಾರ್ಗ ‘ಫ್ಲ್ಯಾಕ್’. 2001ರಲ್ಲಿ ಜಾಶ್ ಕೋಲ್ಸನ್ ಬಿಡುಗಡೆ ಮಾಡಿದ ಈ ರೂಪದಲ್ಲಿ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಒಂದು ಬಿಟ್ ಕೂಡ ಹೋಗುವುದಿಲ್ಲ. ಇದರ ಗುಟ್ಟು ಅಡುಗೆಮನೆಯ ಹಾಲಿನ ಲೆಕ್ಕ. ದಿನಾ ಒಂದು ಲೀಟರ್ ಅಂತ ಒಮ್ಮೆ ಗೊತ್ತಾದ ಮೇಲೆ, ಹೆಚ್ಚು ಕಡಿಮೆಯಾದ ದಿನ ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಫ್ಲ್ಯಾಕ್ ಕೂಡ ಹಿಂದಿನ ಅಳತೆಗಳಿಂದ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಇದೂ ಊಹೆಯೇ, ಆದರೆ ಪ್ರಾಮಾಣಿಕ ಊಹೆ. ಎಷ್ಟು ತಪ್ಪಿದೆ ಎಂದು ಪಕ್ಕದಲ್ಲೇ ಬರೆದಿಟ್ಟಿರುತ್ತದೆ. ಒಂಟಿ ವೀಣೆ ಚೆನ್ನಾಗಿ ಮಡಚಿಕೊಳ್ಳುತ್ತದೆ, ಅಬ್ಬರದ ಸಿನಿಮಾ ಹಾಡು ಅಷ್ಟಾಗಿ ಬಗ್ಗುವುದಿಲ್ಲ. ಕಾರಿಗೆ ಎಂಪಿ3 ಬೇಕಾದರೆ ಫ್ಲ್ಯಾಕಿನಿಂದ ಮಾಡಿಕೊಳ್ಳಬಹುದು. ಕಬ್ಬಿನಿಂದ ಬೆಲ್ಲ ಬರುತ್ತದೆ, ಬೆಲ್ಲದಿಂದ ಕಬ್ಬು ಬರುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ‘ಒಂದೇ ಸಿಡಿಯಲ್ಲಿ ನೂರು ಹಾಡು’ ಮೊದಲೇ ಬೆಲ್ಲವಾಗಿರುತ್ತದೆ. ಅದನ್ನು ಹಾಗೇ ನಕಲು ಮಾಡಿಕೊಳ್ಳಿ, ಸಾಕು.

ನಿಜವಾದ ದುಡಿಮೆ ಶುರುವಾಗುವುದು ಹೆಸರಿಡುವಾಗ. ಸಾಮಾನ್ಯ ಸಿಡಿಗೆ ತನ್ನ ಹೆಸರೇ ಗೊತ್ತಿಲ್ಲ. ಅದರಲ್ಲಿರುವುದು ಎಷ್ಟು ಹಾಡು, ಯಾವುದು ಎಲ್ಲಿ ಶುರು ಎಂಬ ಪಟ್ಟಿ ಮಾತ್ರ. ಆ ವೇಳೆಗಳನ್ನೇ ಜಾತಕ ಮಾಡಿಕೊಂಡು ‘ಮ್ಯೂಸಿಕ್‌ಬ್ರೈನ್ಸ್’ನಂಥ ಕೋಶಗಳು ಅಂತರ್ಜಾಲದಿಂದ ಹೆಸರು ತರುತ್ತವೆ. ಜಾತಕ ಒಮ್ಮೊಮ್ಮೆ ತಪ್ಪಾಗಿಯೂ ಕೂಡಿಬರುತ್ತದೆ. ಎರಡೇ ಹಾಡಿನ ನನ್ನ ಒಂದು ಖಯಾಲಿನ ಸಿಡಿಗೆ ಯಾವುದೋ ಜರ್ಮನ್ ಹೆಸರು ಬಂದು ಕೂತಿತ್ತು. ಸರಿಯಾಗಿ ಬಂದರೂ ಅಶ್ವಥ್ ಒಂದು ಕಡೆ ಅಸ್ವತ್, ಇನ್ನೊಂದು ಕಡೆ ಅಶ್ವಥ. ಯಂತ್ರದ ಪಾಲಿಗೆ ಅವರು ಇಬ್ಬರು ಗಾಯಕರು. ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಒಂದೇ ಕಾಗುಣಿತದಲ್ಲಿ ಬರೆದರೆ ಈ ರಗಳೆ ತಪ್ಪುತ್ತದೆ. ಫ್ಲ್ಯಾಕ್ ಅದಕ್ಕೆ ಒಪ್ಪುತ್ತದೆ. ವಚನವಾದರೆ ಬರೆದವರು, ರಾಗ ಹಾಕಿದವರು, ಹಾಡಿದವರು ಬೇರೆ ಬೇರೆ, ಅದಕ್ಕೆಲ್ಲ ಖಾನೆಗಳಿವೆ. ರಾಗ, ತಾಳಕ್ಕೆ ಹೊಸ ಖಾನೆ ತೆರೆದುಕೊಳ್ಳಬಹುದು. ಎಂಟು ಗಾಯಕರ ಸಂಕಲನ ಎಂಟು ತುಂಡಾಗದಿರಲು ‘ಆಲ್ಬಮ್ ಕಲಾವಿದ’ ಎಂಬಲ್ಲಿ ‘ವಿವಿಧ ಗಾಯಕರು’ ಎಂದು ಬರೆಯಿರಿ. ಹಾಡಿನ ಸಂಖ್ಯೆಯನ್ನು 01, 02 ಎಂದೇ ಇಡಿ. ಇಲ್ಲದಿದ್ದರೆ ಕೆಲವು ಯಂತ್ರಗಳಲ್ಲಿ 1 ಆದಮೇಲೆ 10 ಬಂದು ಕೂರುತ್ತದೆ.

ಇನ್ನು ಸ್ಟೀರಿಯೋ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಒಂದು ಡ್ಯಾಕ್ ಹಲಗೆ ಕೂರಿಸಿದೆ. ಅಂಕಿಯನ್ನು ವಿದ್ಯುತ್ತಿನ ಏರಿಳಿತ ಮಾಡುವುದು ಡ್ಯಾಕಿನ ಕೆಲಸ, ಸಿಡಿ ಪ್ಲೇಯರಿನ ಹೊಟ್ಟೆಯಲ್ಲೂ ಇದೇ ಇತ್ತು. ಅಲ್ಲಿಂದ ಕೆಂಪು ಬಿಳಿ ತಂತಿ ಆಂಪ್ಲಿಫೈಯರಿನ ‘ಆಕ್ಸ್’ ತೂತಿಗೆ. ಪಕ್ಕದ ‘ಫೋನೋ’ಗೆ ಚುಚ್ಚಬೇಡಿ. ಅದು ಗ್ರಾಮಫೋನ್ ಮುಳ್ಳಿನ ಕ್ಷೀಣ ಸದ್ದನ್ನು ಹಿಗ್ಗಿಸಲು ಇರುವುದು, ಇಲ್ಲಿ ಕರ್ಕಶವಾಗುತ್ತದೆ. ಬ್ಲೂಟೂತ್ ಅನುಕೂಲ ನಿಜ, ಆದರೆ ದಾರಿಯಲ್ಲಿ ಸಾಮಾನ್ಯವಾಗಿ ಅದು ಮತ್ತೆ ಕತ್ತರಿ ಆಡಿಸುತ್ತದೆ. ಇಷ್ಟಾದ ಮೇಲೆ ಫೋನಿನಿಂದಲೇ ಹಾಡು ಆರಿಸಬಹುದು. ಹಾಡಿಸುವ ತಂತ್ರಾಂಶದಲ್ಲಿ ‘ಗ್ಯಾಪ್‌ಲೆಸ್’ ಆಯ್ಕೆ ಚಾಲೂ ಇದೆಯೇ ನೋಡಿಕೊಳ್ಳಿ. ವಿಲಂಬಿತದಿಂದ ದ್ರುತ್‌ಗೆ ಹೋಗುವ ಕಡೆ ಸಿಡಿಯಲ್ಲಿ ಸಂಖ್ಯೆ ಬದಲಾಗುತ್ತದೆ, ತಂಬೂರಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿ ಅರೆಕ್ಷಣ ಮೌನ ಬಿದ್ದರೂ ಮೀಟರ್ ಕಿತ್ತ ಮನೆಯ ಹಾಗೆ ರಾಗ ಕತ್ತಲಾಗುತ್ತದೆ.

ನನ್ನ 300 ಸಿಡಿಗಳು ಸುಮಾರು 105 ಜಿಬಿ ಆದವು, ಜೇಬಿನ ಪೆನ್‌ಡ್ರೈವೊಂದೇ ಸಾಕು. ಆದರೆ ಪೆನ್‌ಡ್ರೈವೂ ಸಾಯುತ್ತದೆ, ಹಾರ್ಡ್‌ಡಿಸ್ಕೂ ಸಾಯುತ್ತದೆ. ಎರಡು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ಮೂಲ ಸಿಡಿಗಳನ್ನು ಎಸೆಯಬೇಡಿ. ನಿಮ್ಮ ಸ್ವಂತ ಬಳಕೆಗೆ ನ್ಯಾಯವಾದ ನಕಲನ್ನು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಒಪ್ಪುತ್ತದೆ. ಊರಿಗೆಲ್ಲ ಹಂಚುವುದನ್ನು ಒಪ್ಪುವುದಿಲ್ಲ.

ಕೆಲಸ ಶುರುಮಾಡುವವರಿಗೆ ಒಂದು ಮಾತು. ಮನ್ಸೂರರಿಂದ ಆರಂಭಿಸಬೇಡಿ, ಅವರ ಸಿಡಿ ಹಾಳಾದರೆ ಇನ್ನೊಬ್ಬರ ಮನೆಯಲ್ಲಿ ಸಿಕ್ಕೀತು. ಮನೆಯಲ್ಲೇ ಬರ್ನ್ ಮಾಡಿದ, ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅಜ್ಜಿ ಸೋಬಾನೆ’ ಎಂದೋ ‘ಮದುವೆ’ ಎಂದೋ ಬರೆದ ಸಿಡಿಗಳನ್ನು ಮೊದಲು ಹುಡುಕಿ. ಅವುಗಳಲ್ಲಿರುವುದು ಅಚ್ಚೊತ್ತಿದ ಕುಳಿಯಲ್ಲ, ಬಣ್ಣದ ಪದರ. ಬಿಸಿಲು ಸೆಕೆಗೆ ಅದು ಮಾಸುತ್ತದೆ, ಅದಕ್ಕೆ ಬೇರೆ ಪ್ರತಿಯೂ ಇಲ್ಲ. ಹಾಕಿದಾಗ ಹಾಡುತ್ತದಲ್ಲ ಎಂದು ಸುಮ್ಮನಿರಬೇಡಿ. ಹಾಡುತ್ತಿರುವುದು ಅಜ್ಜಿಯೋ ಪ್ಲೇಯರಿನ ಊಹೆಯೋ, ತಂತ್ರಾಂಶ ಕೊಡುವ ವರದಿಯ ಕೊನೆಯ ಸಾಲು ಓದಿದ ಮೇಲೆಯೇ ಗೊತ್ತಾಗುವುದು.