ಉಪ್ಪುಗಾಳಿಯೂ ಕಾಂಕ್ರೀಟೂ

ಭಟ್ಕಳದಿಂದ ಹೊನ್ನಾವರದ ಮೂಲಕ ಕುಮಟಾಕ್ಕೆ ಹೋಗುವ ಸುಮಾರು ೬೦ ಕಿಲೋಮೀಟರುಗಳ ಹಾದಿಯಲ್ಲಿ ಕಡಲು ಒಮ್ಮೆ ಕಣ್ಣಿಗೆ ಬೀಳುತ್ತದೆ, ಒಮ್ಮೆ ಮರೆಯಾಗುತ್ತದೆ. ಆದರೆ ಕಡಲಗಾಳಿ ಮಾತ್ರ ಪ್ರಯಾಣಿಕನನ್ನು ಎಲ್ಲಿಯೂ ಬಿಟ್ಟಿರುವುದಿಲ್ಲ. ಈ ಹಾದಿಯ ಇಕ್ಕೆಲದ ಮನೆಗಳನ್ನು ತುಸು ನಿದಾನಿಸಿ ನೋಡಿದರೆ ಒಂದು ಸಂಗತಿ ಗಮನಕ್ಕೆ ಬಾರದಿರದು. ಬಹಳ ಹಳೆಯದೆನ್ನಲಾಗದ ಕೆಲವು ತಾರಸಿಗಳ ಅಡಿಮೈ ಕಳಚಿಬಿದ್ದು, ಒಳಗಿನ ಸರಳುಗಳು ತುಕ್ಕು ಹಿಡಿದು ಪಕ್ಕೆಲುಬುಗಳಂತೆ ಹೊರಗೆ ಕಾಣುತ್ತಿರುತ್ತವೆ. ಅತ್ತ ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಯಲ್ಲಿಯೋ, ಕೆಂಪು ಚಿರೆಕಲ್ಲಿನ ಗೋಡೆಗಳು ಶತಮಾನಗಳ ಮಳೆಗಾಲಗಳನ್ನು ಕಂಡೂ ನಿಂತಿವೆ. ಹಳೆಯ ಗೋಡೆ ನಿಲ್ಲುವುದೂ ಹೊಸ ತಾರಸಿ ಉದುರುವುದೂ ಏತರಿಂದ?

ಹಿಂದಿನವರ ಗಾರೆ ಗಟ್ಟಿ, ಇಂದಿನ ಸಿಮೆಂಟು ಕಳಪೆ ಎಂದು ಹೇಳುವುದು ಸುಲಭ. ಆದರೆ ಬಲದ ಮಾತಿನಲ್ಲಿ ಸುಣ್ಣದ ಗಾರೆ ಸಿಮೆಂಟಿಗೆ ಸಾಟಿಯಲ್ಲ. ನಿಜವಾದ ವ್ಯತ್ಯಾಸ ಬೇರೆಯೇ ಇದೆ. ಕೋಟೆಯ ಗೋಡೆ ಬರಿಯ ಕಲ್ಲಿನ ಕಟ್ಟಡ; ತಾರಸಿಯ ಹೊಟ್ಟೆಯಲ್ಲಿ ಉಕ್ಕು ಇದೆ. ಕಡಲು ಕಾಂಕ್ರೀಟಿಗಿಂತ ಮುಖ್ಯವಾಗಿ ಆ ಉಕ್ಕನ್ನು ಅರಸಿಕೊಂಡು ಬರುತ್ತದೆ.

ಉಕ್ಕಿನ ಕವಚ

ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳಬಲ್ಲದು, ಎಳೆತವನ್ನು ತಾಳಲಾರದು. ತೊಲೆಯೊಂದರ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಹಿಗ್ಗಲು ಹವಣಿಸುತ್ತದೆ. ಆ ಎಳೆತವನ್ನು ಹೊರಲೆಂದೇ ಅಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ.

ಸಿಮೆಂಟಿಗೆ ನೀರು ಕೂಡಿದಾಗ ಮುಖ್ಯವಾಗಿ ಎರಡು ವಸ್ತುಗಳು ಹುಟ್ಟುತ್ತವೆ. ಒಂದು, ಕ್ಯಾಲ್ಸಿಯಂ, ಸಿಲಿಕಾ ಮತ್ತು ನೀರು ಸೇರಿ ಆದ ಅಂಟು. ಮರಳು ಜಲ್ಲಿಗಳನ್ನು ಬಂಧಿಸುವುದು ಇದೇ. ಇನ್ನೊಂದು, ನಮಗೆಲ್ಲ ಪರಿಚಿತವಾದ ಅರಳಿದ ಸುಣ್ಣ. ಇದರಿಂದಾಗಿ ಕಾಂಕ್ರೀಟಿನ ಒಳಗು ತೀವ್ರ ಕ್ಷಾರಮಯವಾಗಿರುತ್ತದೆ, ಅದರ ಪಿ.ಎಚ್. ೧೨.೫ಕ್ಕೂ ಮೇಲು. ಇಂತಹ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಮೂಡುತ್ತದೆ. ಆ ಪೊರೆ ಇರುವವರೆಗೆ ತುಕ್ಕಿಗೆ ಎಡೆಯಿಲ್ಲ.

ಕಡಲ ಉಪ್ಪಿನಲ್ಲಿರುವ ಕ್ಲೋರೈಡು ಈ ಪೊರೆಯ ವೈರಿ. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳೊಳಗಿನ ತೇವದಲ್ಲಿ ಅದು ನಿದಾನವಾಗಿ ಒಳಸರಿಯುತ್ತದೆ. ಸರಳನ್ನು ಮುಟ್ಟಿ ಸಾಕಷ್ಟು ಸಂಗ್ರಹವಾದೊಡನೆ ಪೊರೆಯನ್ನು ಅಲ್ಲಲ್ಲಿ ಹರಿಯುತ್ತದೆ. ಅಲ್ಲಿಂದ ತುಕ್ಕು ಮೊದಲಾಗುತ್ತದೆ. ತುಕ್ಕು ಮೂಲದ ಉಕ್ಕಿನ ಎರಡರಿಂದ ಆರುಪಟ್ಟು ಸ್ಥಳವನ್ನು ಬೇಡುತ್ತದೆ. ಒಳಗಿನಿಂದ ಒತ್ತಿ ಬಂದ ತುಕ್ಕಿಗೆ ಕಾಂಕ್ರೀಟು ಬಿರಿಯುತ್ತದೆ. ಬಿರುಕಿನಿಂದ ಇನ್ನಷ್ಟು ಉಪ್ಪು, ಇನ್ನಷ್ಟು ಗಾಳಿ ಒಳಹೊಗುತ್ತವೆ. ಹೀಗೆ ರೋಗ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿವೆ. ಅದರಲ್ಲಿ ೧೯ ಗ್ರಾಂ ಕ್ಲೋರೈಡೇ. ಸರಳು ಹಾಕುವ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಲೀಟರಿಗೆ ೫೦೦ ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡು ಇರಕೂಡದೆಂದು ಭಾರತೀಯ ಸಂಹಿತೆ ಐ.ಎಸ್. ೪೫೬ರ ೨೦೦೦ದ ಆವೃತ್ತಿ ವಿಧಿಸಿತು. ಕಡಲ ನೀರಿನಲ್ಲಿ ಇರುವುದು ಅದರ ಮೂವತ್ತೆಂಟು ಪಟ್ಟು! ಶರಾವತಿ, ಅಘನಾಶಿನಿ ನದಿಗಳ ಅಳಿವೆಯಲ್ಲಿ ಭರತದೊಡನೆ ಉಪ್ಪುನೀರು ಒಳನಾಡಿಗೆ ಏರಿಬರುವುದರಿಂದ, ಅಲ್ಲಿನ ಮರಳನ್ನು ಸಿಹಿನೀರಿನಲ್ಲಿ ತೊಳೆಯದೆ ಬಳಸಿದವರು ಶತ್ರುವನ್ನು ತಾವೇ ಕೋಟೆಯೊಳಕ್ಕೆ ಕರೆತಂದಂತಾಗುತ್ತದೆ.

ಇದು ಮನೆಯ ತಾರಸಿಗೆ ಮಾತ್ರ ಸೇರಿದ ವಿಷಯವಲ್ಲ. ೨೦೨೪ನೆಯ ಆಗಸ್ಟ್ ೭ರಂದು, ನಡುರಾತ್ರಿ ಕಳೆದ ಮೇಲೆ, ಇದೇ ಜಿಲ್ಲೆಯ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಪಾರುಮಾಡಿದರು. ಸೇತುವೆಗೆ ಆಗ ಸುಮಾರು ನಾಲ್ವತ್ತು ವರ್ಷ. ಸೇತುವೆಯೊಂದು ಬೀಳಲು ಕಾರಣಗಳು ಹಲವಿರುತ್ತವೆ. ಇಂತಹದೇ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ, ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯ ಮೇಲೆ ಸಾಗುವಾಗ, ಉಪ್ಪುನೀರಿನಲ್ಲಿ ನಿಂತ ಕಂಬಗಳ ಆರೋಗ್ಯ ಎಷ್ಟು ಜನರ ಪ್ರಾಣಕ್ಕೆ ಸಂಬಂಧಿಸಿದ್ದೆಂಬುದು ಯಾರಿಗಾದರೂ ಹೊಳೆಯದಿರದು. ಭರತ ಇಳಿತಗಳ ನಡುವಣ ಭಾಗಕ್ಕಂತೂ ಅಪಾಯ ಬಹಳ. ಅಲ್ಲಿ ಕಾಂಕ್ರೀಟು ನೆನೆದಾಗ ಉಪ್ಪನ್ನು ಹೀರುತ್ತದೆ, ಒಣಗಿದಾಗ ಗಾಳಿಯನ್ನು ಹೀರುತ್ತದೆ. ತುಕ್ಕಿಗೆ ಎರಡೂ ಬೇಕು.

ನೀರು ಹೆಚ್ಚಿದಷ್ಟೂ ರಂಧ್ರ

ಹಾಗಾದರೆ ಮಾಡತಕ್ಕದ್ದೇನು? ಉಪ್ಪಿನ ಹಾದಿಯನ್ನು ಉದ್ದಮಾಡಬೇಕು, ಕಿರಿದುಮಾಡಬೇಕು. ಇಷ್ಟು ದಿನದ ಸಂಶೋಧನೆಯ ಸಾರವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಹಾದಿಯನ್ನು ಉದ್ದಮಾಡುವುದೆಂದರೆ ಸರಳನ್ನು ಮೈಯಿಂದ ಆಳದಲ್ಲಿಡುವುದು. ಹೊದಿಕೆಯ ದಪ್ಪ ಇಮ್ಮಡಿಸಿದರೆ ಉಪ್ಪು ಸರಳನ್ನು ಮುಟ್ಟಲು ಬೇಕಾಗುವ ಕಾಲ ಹೆಚ್ಚುಕಡಿಮೆ ನಾಲ್ಮಡಿಸುತ್ತದೆ. ಕರಾವಳಿಯ ಬಯಲಿಗೆ ಒಡ್ಡಿದ ಕಾಂಕ್ರೀಟಿಗೆ ಅದೇ ಸಂಹಿತೆ ೪೫ ಮಿಲಿಮೀಟರು, ಭರತರೇಖೆಯಲ್ಲಿ ನಿಲ್ಲುವುದಕ್ಕೆ ೭೫ ಮಿಲಿಮೀಟರು ಹೊದಿಕೆಯನ್ನು ಹೇಳಿತು. ಸರಳಿನ ಅಡಿಗೆ ಗಾರೆಯ ಬಿಲ್ಲೆಗಳನ್ನು ಇಡದೆ ಜಲ್ಲಿಯ ಚೂರನ್ನು ಸಿಕ್ಕಿಸಿದಲ್ಲಿ ಈ ಲೆಕ್ಕವೆಲ್ಲ ವ್ಯರ್ಥ.

ಹಾದಿಯನ್ನು ಕಿರಿದುಮಾಡುವ ಉಪಾಯ ನೀರಿನ ಮಿತಿಯಲ್ಲಿದೆ. ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣವೇ ಕಾಂಕ್ರೀಟಿನ ಬಲವನ್ನು ನಿರ್ಧರಿಸುತ್ತದೆಂದು ಅಮೆರಿಕೆಯ ಡಫ್ ಏಬ್ರಾಮ್ಸ್ ೧೯೧೮ರಲ್ಲಿ ತೋರಿಸಿಕೊಟ್ಟನು. ಸಿಮೆಂಟು ಬಳಸಿಕೊಳ್ಳದೆ ಉಳಿದ ನೀರು ಆರಿಹೋದಾಗ ಅದು ನಿಂತಿದ್ದ ಸ್ಥಳ ರಂಧ್ರವಾಗಿ ಉಳಿಯುತ್ತದೆ. ಕರಾವಳಿಗೆ ಹೇಳಿದ ಮಿತಿ ೦.೪೫, ಎಂದರೆ ೫೦ ಕಿಲೋಗ್ರಾಂ ಚೀಲವೊಂದಕ್ಕೆ ಇಪ್ಪತ್ತೆರಡೂವರೆ ಲೀಟರು ನೀರು. ಮರಳಿನಲ್ಲಿರುವ ತೇವವೂ ಇದರೊಳಗೇ ಸೇರಬೇಕು. ಕಲಸಲು ಸಲೀಸಾಗಲೆಂದು ೩೫ ಲೀಟರು ಸುರಿದರೆ ಪ್ರಮಾಣ ೦.೭೦ಕ್ಕೆ ಏರುತ್ತದೆ, ಕಾಂಕ್ರೀಟು ಜರಡಿಯಾಗುತ್ತದೆ.

ಬೂದಿ, ಕಿಟ್ಟ, ಜೇಡಿಮಣ್ಣು

ಮುಂದಿನ ಹೆಜ್ಜೆ ರಸಾಯನಶಾಸ್ತ್ರದ್ದು. ಸಿಮೆಂಟಿನಿಂದ ಹುಟ್ಟುವ ಸುಣ್ಣದ ಒಂದಂಶವನ್ನು ಅಂಟಾಗಿ ಮಾರ್ಪಡಿಸಬಲ್ಲ ಪುಡಿಯನ್ನು ಬೆರಸಿದರೆ ರಂಧ್ರಗಳು ಒಳಗಿನಿಂದಲೇ ಮುಚ್ಚಿಕೊಳ್ಳುತ್ತವೆ. ರೋಮನರು ಪೊಟ್ಸುವೋಲಿಯ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರಸಿ ಕಟ್ಟಿದ ಬಂದರುಗಳು ಎರಡು ಸಾವಿರ ವರ್ಷಗಳ ಮೇಲೂ ಕಡಲಲ್ಲಿ ಉಳಿದಿವೆ. ನಮ್ಮಲ್ಲಿ ಅಂತಹ ಬೂದಿಯ ಕೆಲಸವನ್ನು ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹಾರುಬೂದಿಯೂ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟದ ನುಣ್ಪುಡಿಯೂ ಮಾಡಬಲ್ಲವು. ಕಿಟ್ಟ ಬೆರೆತ ಸಿಮೆಂಟು ಕ್ಲೋರೈಡನ್ನು ತಡೆಯುವುದರಲ್ಲಿ ಸಾದಾ ಸಿಮೆಂಟನ್ನು ಮೀರಿಸುತ್ತದೆಂಬುದು ಪರೀಕ್ಷಿತ ಸಂಗತಿ.

ಹೊಸ ಸಂಶೋಧನೆ ಜೇಡಿಮಣ್ಣಿನ ಕಡೆಗೆ ತಿರುಗಿದೆ. ಸ್ವಿಟ್ಸರ್ಲೆಂಡಿನ ಲೌಸಾನಿನಲ್ಲಿ ಕ್ಯಾರೆನ್ ಸ್ಕ್ರಿವನರ್ ಎಂಬ ವಿದುಷಿಯೂ, ಕ್ಯೂಬಾ ದೇಶದ ಹಾಗೂ ನಮ್ಮ ದೆಹಲಿ, ಮದರಾಸು, ಮುಂಬಯಿ ಐ.ಐ.ಟಿ.ಗಳ ವಿಜ್ಞಾನಿಗಳೂ ಸೇರಿ ಎಲ್.ಸಿ.-೩ ಎಂಬ ಸಿಮೆಂಟನ್ನು ರೂಪಿಸಿದ್ದಾರೆ. ಇದರಲ್ಲಿ ಸಿಮೆಂಟಿನ ಸುಟ್ಟ ಗಟ್ಟಿಯ ಪಾಲು ಸುಮಾರು ಅರ್ಧ ಮಾತ್ರ. ಶೇಕಡಾ ೩೦ ಸುಟ್ಟ ಜೇಡಿ, ೧೫ ಸುಡದ ಸುಣ್ಣಕಲ್ಲಿನ ಪುಡಿ, ಉಳಿದದ್ದು ಜಿಪ್ಸಂ. ಸಿಮೆಂಟಿನ ಗಟ್ಟಿಗೆ ೧,೪೫೦ ಡಿಗ್ರಿ ಸೆಂಟಿಗ್ರೇಡಿನ ಉರಿ ಬೇಕು. ಜೇಡಿಗೆ ಸುಮಾರು ೮೦೦ ಸಾಕು. ಆದುದರಿಂದ ಇಂಧನವೂ ಉಳಿಯುತ್ತದೆ, ಇಂಗಾಲದ ಡಯಾಕ್ಸೈಡೂ ಮೂರರಲ್ಲೊಂದು ಪಾಲಿನಷ್ಟು ತಗ್ಗುತ್ತದೆ. ಉಪ್ಪನ್ನು ತಡೆಯುವ ಶಕ್ತಿ ಇದಕ್ಕೆ ಬಹಳ ಹೆಚ್ಚು. ೨೦೨೩ರಲ್ಲಿ ಐ.ಎಸ್. ೧೮೧೮೯ ಎಂಬ ಭಾರತೀಯ ಮಾನಕವೂ ಇದಕ್ಕೆ ದೊರೆಯಿತು.

ಇದಕ್ಕೆ ಬೇಕಾದ ಮಣ್ಣು ಕೇಯೊಲಿನೈಟು ಎಂಬ ಖನಿಜದಿಂದ ಕೂಡಿದ್ದು. ಚಿರೆಕಲ್ಲಿನ ಕೋರೆಯಲ್ಲಿ ಕಲ್ಲು ಮುಗಿದ ಮೇಲೆ ಕೆಳಗೆ ಸಿಕ್ಕುವ, ಕರಾವಳಿಯವರು ಶೇಡಿಮಣ್ಣೆನ್ನುವ ನುಣುಪಾದ ಬಿಳಿ, ನಸುಗೆಂಪು ಪದರದಲ್ಲಿ ಇರುವುದು ಈ ಜಾತಿಯ ಖನಿಜವೇ. ಎಲ್ಲ ಶೇಡಿಯೂ ಯೋಗ್ಯವೆಂದು ಇದರಿಂದ ತಿಳಿಯತಕ್ಕದ್ದಲ್ಲ. ಶೇಕಡಾ ೪೦ರಷ್ಟಾದರೂ ಕೇಯೊಲಿನೈಟು ಇರಬೇಕೆನ್ನುತ್ತಾರೆ. ಪದರಪದರವನ್ನೂ ಪರೀಕ್ಷಿಸಿಯೇ ತೀರ್ಮಾನಿಸಬೇಕು. ಆದರೂ ನಮ್ಮ ಮನೆಯ ಗೋಡೆಗೆ ಕಲ್ಲನ್ನು ಕೊಟ್ಟ ನೆಲವೇ ಅದರ ತಾರಸಿಯನ್ನು ಕಾಯುವ ಪುಡಿಯನ್ನೂ ಕೊಡಬಹುದೆಂಬುದು ವಿಚಾರಾರ್ಹವಾದ ಮಾತು.

ಹೊಸ ಸಿಮೆಂಟುಗಳಿಗೂ ಒಂದು ದೌರ್ಬಲ್ಯವುಂಟು. ಸುಣ್ಣದ ಪಾಲು ಕಡಿಮೆಯಾದುದರಿಂದ, ಚೆನ್ನಾಗಿ ನೀರುಣಿಸದಿದ್ದರೆ, ಗಾಳಿಯ ಡಯಾಕ್ಸೈಡು ಅವುಗಳ ಕ್ಷಾರವನ್ನು ಬೇಗ ತಗ್ಗಿಸುತ್ತದೆ. ಅವು ಗಟ್ಟಿಯಾಗುವುದೂ ನಿದಾನ. ಸಾದಾ ಸಿಮೆಂಟಿಗೆ ಏಳು ದಿನ ಸಾಕೆಂದ ಸಂಹಿತೆ ಬೆರಕೆಯದಕ್ಕೆ ಕನಿಷ್ಠ ಹತ್ತು ದಿನ, ಸಾಧ್ಯವಾದರೆ ಹದಿನಾಲ್ಕು ದಿನ ಒದ್ದೆಯಾಗಿಡಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಪ್ರಯೋಗಶಾಲೆಯ ಫಲ ಕೊನೆಗೆ ಮೇಸ್ತ್ರಿಯ ಕೈಗೆ ಬಂದು ನಿಲ್ಲುತ್ತದೆ. ಭಟ್ಕಳದಲ್ಲಾಗಲಿ, ಹೊನ್ನಾವರದಲ್ಲಾಗಲಿ, ಕುಮಟಾದಲ್ಲಾಗಲಿ ಮನೆ ಕಟ್ಟಿಸುವವರು ಯಾವ ಸಿಮೆಂಟನ್ನೇ ಕೊಳ್ಳಲಿ, ಮರಳು ತೊಳೆದದ್ದೇ, ನೀರು ಅಳೆದು ಹಾಕಿದ್ದೇ, ಬಿಲ್ಲೆ ಇಟ್ಟಿದ್ದಾರೆಯೇ, ಎರಡು ವಾರ ನೀರುಣಿಸಿದರೇ ಎಂಬ ನಾಲ್ಕು ಪ್ರಶ್ನೆಗಳನ್ನು ತಾವೇ ನಿಂತು ಕೇಳುವುದು ಒಳ್ಳೆಯದು. ಇದಕ್ಕೆ ತಗಲುವ ಖರ್ಚು ಅಲ್ಪ. ಕೇಳದೆ ಬಿಟ್ಟರೆ ಅದನ್ನು ಮುಂದೆ ಮಕ್ಕಳು ತೆರಬೇಕಾಗುತ್ತದೆ.