ಹನ್ನೊಂದು ಅಕ್ಷರದ ಜಾತಕ

2020ರ ಜನವರಿ 10. ಅಮೆರಿಕದ ಫ್ಲೋರಿಡಾದಲ್ಲಿರುವ ಕಿಸಿಮ್ಮಿ ಎಂಬ ಊರಿನಲ್ಲಿ ಮೀಕಮ್ ಸಂಸ್ಥೆಯ ಕಾರು ಹರಾಜು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಕಾರುಗಳ ಮಧ್ಯೆ ಒಂದು ಹಸಿರು ಫೋರ್ಡ್ ಮಸ್ಟ್ಯಾಂಗ್ ವೇದಿಕೆಗೆ ಬಂತು. ಬಣ್ಣ ಮಾಸಿದೆ, ಅಲ್ಲಲ್ಲಿ ತುಕ್ಕು, ಮೈಮೇಲೆ ಹಳೆಯ ಗೀರುಗಳು. ಮುಂದಿನ ಜಾಲರಿಯಲ್ಲಿ ಇರಬೇಕಾಗಿದ್ದ ಓಡುವ ಕುದುರೆಯ ಲಾಂಛನವೂ ಇಲ್ಲ. ನಮ್ಮೂರಿನ ಗ್ಯಾರೇಜಿಗೆ ತಂದು ನಿಲ್ಲಿಸಿದ್ದರೆ ಮೇಸ್ತ್ರಿ ಒಂದು ಸುತ್ತು ಹಾಕಿ, "ಟಿಂಕರಿಂಗ್, ಪೇಂಟಿಂಗ್ ಎರಡೂ ಆಗಬೇಕು ಸಾರ್" ಅನ್ನುತ್ತಿದ್ದ. ಆ ಕಾರು ಅಂದು 34 ಲಕ್ಷ ಡಾಲರಿಗೆ ಕೂಗಾಯಿತು. ಶುಲ್ಕ ಸೇರಿ ಕೊಂಡವರು ಕೊಟ್ಟದ್ದು 37.4 ಲಕ್ಷ ಡಾಲರ್. ಅಂದಿನ ಲೆಕ್ಕದಲ್ಲಿ 26 ಕೋಟಿ ರೂಪಾಯಿಗೂ ಮೇಲೆ!

ಅದೇ ವರ್ಷದ, ಅದೇ ಇಂಜಿನ್ನಿನ, ಹೊಸದರಂತೆ ಸಿಂಗರಿಸಿದ ಇನ್ನೊಂದು ಮಸ್ಟ್ಯಾಂಗ್ ಆಗ ಸಾಮಾನ್ಯವಾಗಿ ಒಂದು ಲಕ್ಷ ಡಾಲರಿನೊಳಗೇ ಸಿಗುತ್ತಿತ್ತು. ಹಾಗಾದರೆ ಉಳಿದ 33 ಲಕ್ಷ ಡಾಲರ್ ಈ ಕಾರಿನ ಯಾವ ಭಾಗದಲ್ಲಿದೆ? ಇಂಜಿನ್ನಿನಲ್ಲಿ ಅಲ್ಲ, ತಗಡಿನಲ್ಲಿ ಅಲ್ಲ. ಇದು ತಲೆಗೆ ಹೊಕ್ಕ ದಿನದಿಂದ ನನಗೆ ಬೇರೇನೂ ಓದಲು ಮನಸ್ಸಾಗಲಿಲ್ಲ.

ಉತ್ತರ ಒಂದು ಸಂಖ್ಯೆಯಲ್ಲಿದೆ, ಕಾರಿನ ಶಾಸಿ ನಂಬರಿನಲ್ಲಿ. 8ಆರ್02ಎಸ್125559. ಹನ್ನೊಂದೇ ಅಕ್ಷರ, ಆದರೆ ಪೂರ್ತಿ ಜಾತಕ. 8 ಅಂದರೆ 1968. ಆರ್ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ. 02 ಅಂದರೆ ಹಿಂದಕ್ಕೆ ಇಳಿಜಾರಾದ ಮಾಡಿನ ಫಾಸ್ಟ್‌ಬ್ಯಾಕ್. ಎಸ್ ಅಂದರೆ 390 ಘನ ಅಂಗುಲದ ವಿ8 ಇಂಜಿನ್. ಕೊನೆಯ ಆರು ಅಂಕಿ ಕ್ರಮಸಂಖ್ಯೆ. ಈ ಸಂಖ್ಯೆ ಹೊತ್ತ ಕಾರನ್ನೇ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ 'ಬುಲಿಟ್' ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಓಡಿಸಿದ್ದು. ಸುಮಾರು ಹತ್ತು ನಿಮಿಷದ ಆ ಬೆನ್ನಟ್ಟುವ ದೃಶ್ಯವನ್ನು ಇಂದಿಗೂ ಕಾರುಪ್ರಿಯರು ಉಸಿರು ಬಿಗಿಹಿಡಿದು ನೋಡುತ್ತಾರೆ.

ಚಿತ್ರೀಕರಣ ಮುಗಿದ ಮೇಲೆ ಕಾರು ಕೈಯಿಂದ ಕೈಗೆ ಹೋಯಿತು. 1974ರಲ್ಲಿ ಪತ್ರಿಕೆಯೊಂದರ ಜಾಹೀರಾತು ನೋಡಿ ನ್ಯೂಜೆರ್ಸಿಯ ಕುಟುಂಬವೊಂದು ಸುಮಾರು 6,000 ಡಾಲರಿಗೆ ಅದನ್ನು ಕೊಂಡಿತು. ಮನೆಯೊಡತಿ ಶಿಕ್ಷಕಿ, ಶಾಲೆಗೆ ಹೋಗಿಬರಲು ಇದೇ ಕಾರು! 1977ರ ಡಿಸೆಂಬರಿನಲ್ಲಿ ಸ್ವತಃ ಮೆಕ್ವೀನ್, ಕಾರು ತನಗೆ ವಾಪಸು ಬೇಕು, ಬದಲಿಗೆ ಬೇರೊಂದು ಮಸ್ಟ್ಯಾಂಗ್ ಹುಡುಕಿಕೊಡಬಲ್ಲೆ ಎಂದು ಪತ್ರ ಬರೆದ. ಮನೆಯವರು ಕೊಡಲಿಲ್ಲ. 1980ರ ಹೊತ್ತಿಗೆ ಕ್ಲಚ್ ಕೆಟ್ಟು ಕಾರು ಮೂಲೆ ಸೇರಿತು. ದಶಕಗಳ ಕಾಲ ಊರಿಂದೂರಿಗೆ ಕುಟುಂಬದ ಜೊತೆಗೇ ಹೋಯಿತು, ಆದರೆ ಹೊರಜಗತ್ತಿನ ಕಣ್ಣಿಗೆ ಬೀಳಲಿಲ್ಲ. 2018ರ ಜನವರಿಯಲ್ಲಿ, ಡೆಟ್ರಾಯಿಟ್ ಕಾರು ಪ್ರದರ್ಶನದಲ್ಲಿ, ಅದು ಮತ್ತೆ ಬೆಳಕಿಗೆ ಬಂತು.

ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಯಾರಾದರೂ ಅಕ್ಕರೆಯಿಂದ ಅದನ್ನು ತಿಕ್ಕಿ, ಹೊಸ ಬಣ್ಣ ಬಳಿದು, ಕ್ಯಾಮೆರಾ ಕೂರಿಸಲು ಬೆಸೆದಿದ್ದ ಕಬ್ಬಿಣದ ತುಂಡುಗಳನ್ನು ಕಿತ್ತು ಚೊಕ್ಕ ಮಾಡಿದ್ದರೆ? ನೆನೆದರೇ ಎದೆ ಝಲ್ಲೆನ್ನುತ್ತದೆ. ಆ ಮಾಸಿದ ಬಣ್ಣ, ಆ ಬೆಸುಗೆ, ಮೆಕ್ವೀನನ ಆ ಪತ್ರ, ಇವೇ ಸಾಕ್ಷಿಗಳು. ಇಲ್ಲಿ ಬೆಲೆ ಸಿಗುವುದು ಅಂದಕ್ಕಲ್ಲ, ಸಾಕ್ಷ್ಯಕ್ಕೆ.

ಸಾಕ್ಷ್ಯವನ್ನು ಓದುವುದು ಹೇಗೆ ಎಂದು ನನಗೆ ತೋರಿಸಿಕೊಟ್ಟವರು ಡೆಟ್ರಾಯಿಟ್ ಹೊರವಲಯದ ಒಬ್ಬ ಹಿರಿಯರು. ಅವರ ಗ್ಯಾರೇಜಿನಲ್ಲಿ 1969ರ ಶೆವರ್ಲೆ ಕಮಾರೋ ನಿಂತಿತ್ತು. ನಾನು ಬಣ್ಣ ನೋಡಿ ಬೆರಗಾಗಿದ್ದೆ. ಅವರು ಮಾತಾಡದೆ ಫ್ರಿಡ್ಜಿಗೆ ಅಂಟಿಸುವ ಪುಟ್ಟ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಮೇಲ್ಭಾಗಕ್ಕೆ ಇಟ್ಟರು. ಕಚ್ಚಿಕೊಂಡಿತು. ನಾಲ್ಕು ಬೆರಳು ಕೆಳಗೆ ಸರಿಸಿದರು. ಜಾರಿ ಅಂಗೈಗೆ ಬಿತ್ತು! ಅಲ್ಲಿ ಲೋಹದ ಮೇಲೆ ದಪ್ಪ ಪುಟ್ಟಿ. ಅದರಡಿಯಲ್ಲಿ ಹಿಂದೆಂದೋ ತಿಂದ ತುಕ್ಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿ ಬೆಳೆದವನು ನಾನು, ಆದರೆ ಅದನ್ನು ಅಯಸ್ಕಾಂತದಿಂದ ಕಂಡದ್ದು ಅಂದೇ.

ಆಮೇಲೆ ಬಾನೆಟ್ ಎತ್ತಿದರು. ಇಂಜಿನ್ನಿನ ಮುಂದೆ, ಬಲಗಡೆಯ ಹೆಡ್ಡಿನ ಪಕ್ಕ, ಎರಡು ಬೆರಳಗಲದ ಚಪ್ಪಟೆ ಜಾಗ. ಅದರ ಮೇಲೆ ಕಾರಿನ ಶಾಸಿ ನಂಬರಿನ ಒಂದು ಭಾಗ ಒತ್ತಿದೆ. ಎರಡೂ ತಾಳೆಯಾದರೆ ಅದೇ ಇಂಜಿನ್ ಹುಟ್ಟಿನಿಂದಲೂ ಈ ಕಾರಿನದು. ಆರ್‌ಟಿಒ ಕೆಲಸಕ್ಕೆ ಶಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದನ್ನು ಕಂಡವರಿಗೆ ಇದು ಹೊಸತಲ್ಲ. ಹೊಸತು ಮುಂದಿನದು. ಹಿರಿಯರು ಟಾರ್ಚನ್ನು ಓರೆಯಾಗಿ ಹಿಡಿದು, "ನಂಬರು ನೋಡಬೇಡ, ಅದರ ಹಿಂದಿನ ಲೋಹ ನೋಡು" ಎಂದರು. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದಕ್ಕೊಂದು ಸಮಾನಾಂತರವಾಗಿ, ಆ ಜಾಗದುದ್ದಕ್ಕೂ ಓಡಿದ್ದವು. 1969ರಲ್ಲಿ ಕಾರ್ಖಾನೆಯ ಉಪಕರಣ ಆ ಲೋಹವನ್ನು ಹೆರೆದಾಗ ಬಿಟ್ಟ ಗೆರೆಗಳು! ಹಳೆಯ ನಂಬರನ್ನು ಅರೆದು ಹಾಕಿ ಸುಳ್ಳು ನಂಬರ್ ಒತ್ತುವವರು ಮೊದಲು ಅಳಿಸುವುದು ಇದನ್ನೇ. ಅಂಕಿಗಳನ್ನು ನಕಲು ಮಾಡುವುದು ಸುಲಭ, ಈ ಗೆರೆಗಳನ್ನು ನಕಲು ಮಾಡುವುದು ಬಲುಕಷ್ಟ.

ಕಮಾರೋ ವಿಷಯದಲ್ಲಿ ಇಷ್ಟು ಹುಷಾರು ಯಾಕೆ? ಆ ವರ್ಷದ ಕಮಾರೋ ಶಾಸಿ ನಂಬರ್ ಕಾರು ಆರು ಸಿಲಿಂಡರಿನದೋ ಎಂಟರದೋ ಎಂದಷ್ಟೇ ಹೇಳುತ್ತದೆ, ಅದು ದುಬಾರಿ ಎಸ್ಎಸ್ ಮಾದರಿಯೋ ಅಲ್ಲವೋ ಹೇಳುವುದಿಲ್ಲ. ಹಾಗಾಗಿ ಸಾದಾ ಕಾರಿಗೆ ಎಸ್ಎಸ್ ವೇಷ ಹಾಕಿದವರಿಗೆ ಲೆಕ್ಕವಿಲ್ಲ. ಫೋರ್ಡ್ ಕೊಳ್ಳುವವರು ಈ ಮಟ್ಟಿಗೆ ಪುಣ್ಯವಂತರು. 1967ರಿಂದೀಚೆಗಿನ ಉತ್ಪಾದನಾ ದಾಖಲೆಗಳಿಂದ ಕೆವಿನ್ ಮಾರ್ಟಿ ಎಂಬವರು ಕಾರಿನ ಹುಟ್ಟಿನ ವರದಿ ತೆಗೆದುಕೊಡುತ್ತಾರೆ. ಪಹಣಿ ಇದ್ದ ಜಮೀನಿಗೂ ಇಲ್ಲದ ಜಮೀನಿಗೂ ಎಷ್ಟು ಅಂತರವೋ, ಇಲ್ಲೂ ಅಷ್ಟೇ.

ಇನ್ನು ಕ್ರೈಸ್ಲರ್ ಬಳಗದ ಕಾರುಗಳು. ಇಲ್ಲಿ ನನ್ನ ಬೆರಗು ಎಲ್ಲೆ ಮೀರಿತು. ಪ್ಲಿಮತ್ 'ಕೂಡಾ', 1971, ಮಾಡು ಮಡಚುವ ಮಾದರಿ. ಶಾಸಿ ನಂಬರ್ ಬಿಎಸ್27 ಎಂದು ಶುರುವಾಗುತ್ತದೆ. ಐದನೆಯ ಅಕ್ಷರದ ಮೇಲೆ ಬೆರಳಿಡಿ. ಅಲ್ಲಿ 'ಆರ್' ಇದ್ದರೆ ಒಳಗಿರುವುದು 426 ಹೆಮಿ, ಅರ್ಧಗೋಳದ ಆಕಾರದ ದಹನಕೋಣೆಯುಳ್ಳ, ಕಂಪನಿ 425 ಅಶ್ವಶಕ್ತಿ ಎಂದು ಬರೆದುಕೊಟ್ಟ ಇಂಜಿನ್. ಆ ಒಂದು ಅಕ್ಷರಕ್ಕೆ ಅಂದು ಗ್ರಾಹಕ ಹೆಚ್ಚಿಗೆ ತೆರಬೇಕಾಗಿದ್ದದ್ದು 900 ಡಾಲರಿಗೂ ಕಡಿಮೆ. ಆದರೂ ಕೊಳ್ಳುವವರಿರಲಿಲ್ಲ. ಇಂಥ ಕಾರಿಗೆ ವಿಮೆ ಕಂಪನಿಗಳು ಕಂತು ಏರಿಸಿದ್ದವು, ಹೊಗೆ ನಿಯಮಗಳು ಬಿಗಿಯಾಗುತ್ತಿದ್ದವು, ಪೆಟ್ರೋಲ್ ಸುರಿದಷ್ಟೂ ಸಾಲದು. ಆ ವರ್ಷ ಮಾಡು ಮಡಚುವ ಹೆಮಿ ಕೂಡಾಗಳು ತಯಾರಾದದ್ದು ಹನ್ನೊಂದರಷ್ಟು ಮಾತ್ರ. ಶೋರೂಮಿನಲ್ಲಿ ಸೋತದ್ದೇ ಅದರ ಭಾಗ್ಯವಾಯಿತು. 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಅಂಥದೊಂದು 35 ಲಕ್ಷ ಡಾಲರಿಗೆ ಹೋಯಿತು. ಸಿನಿಮಾ ನಂಟಿಲ್ಲ, ನಾಯಕನಟನಿಲ್ಲ. ಬರೀ ಒಂದು 'ಆರ್'!

ಈ ಕಾರುಗಳ ಇನ್ನೊಂದು ದಾಖಲೆ ಸಿಗುವ ಜಾಗ ಕೇಳಿ. ಜೋಡಣೆಯ ಸಾಲಿನಲ್ಲಿ ಕೆಲಸಗಾರರಿಗೆ ಯಾವ ಕಾರಿಗೆ ಏನು ಹಾಕಬೇಕೆಂದು ತಿಳಿಸಲು ಒಂದು ಹಾಳೆ ಬರುತ್ತಿತ್ತು. ಕೆಲಸವಾದ ಮೇಲೆ ಅದನ್ನು ಕೆಲವೊಮ್ಮೆ ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಸಿ ಬಿಡುತ್ತಿದ್ದರು. ಐವತ್ತು ವರ್ಷಗಳ ನಂತರ ಸೀಟು ಬಿಚ್ಚಿದವರಿಗೆ ಕಂದು ಬಣ್ಣಕ್ಕೆ ತಿರುಗಿದ, ಇಲಿ ಕಡಿದ ಆ ಕಾಗದ ಸಿಕ್ಕರೆ ಅದು ಹೊಸ ಬಣ್ಣಕ್ಕಿಂತ ಬೆಲೆಬಾಳುತ್ತದೆ.

ಹಾಗಾದರೆ ಇದು ಹಣ ಹೂಡಲು ಒಳ್ಳೆಯ ಜಾಗವೇ? ಬುಲಿಟ್ ಕಾರಿನ ಲೆಕ್ಕ ಹಾಕಿದೆ. 6,000 ಡಾಲರ್ 46 ವರ್ಷದಲ್ಲಿ 34 ಲಕ್ಷವಾಯಿತು ಅಂದರೆ ಐನೂರ ಅರವತ್ತು ಪಟ್ಟಿಗೂ ಹೆಚ್ಚು, ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ. 15ರ ಹತ್ತಿರ. ಆದರೆ ಅಂಥ ಕಾರು ಜಗತ್ತಿಗೆ ಒಂದೇ. ಉಳಿದವುಗಳ ಬೆಲೆ ಏರಿದ್ದೂ ಉಂಟು, 2008ರ ಕುಸಿತದಲ್ಲಿ ಹೆಮಿ ಕಾರುಗಳೂ ಸೇರಿ ಇಳಿದದ್ದೂ ಉಂಟು. ಹರಾಜಿನ ಶುಲ್ಕವನ್ನೇ ನೋಡಿ: 34ಕ್ಕೂ 37.4ಕ್ಕೂ ನಡುವೆ 3.4 ಲಕ್ಷ ಡಾಲರ್. ಕಾರಿನ ಬೆಲೆ ಶೇ. 10 ಏರುವವರೆಗೆ ಕೊಂಡವರಿಗೆ ಅಸಲೂ ಹುಟ್ಟುವುದಿಲ್ಲ. ವಿಮೆ, ಜಾಗ, ದುರಸ್ತಿ ಬೇರೆ. ಕೆಟ್ಟ ಕಾರನ್ನು ಅಗ್ಗಕ್ಕೆ ತಂದು ಜೀರ್ಣೋದ್ಧಾರ ಮಾಡಿಸಿದರೆ ಖರ್ಚು ಅದರ ಬೆಲೆಯನ್ನೇ ದಾಟುವುದು ಮಾಮೂಲು. ನನ್ನ ಮಟ್ಟಿಗೆ, ದಾಖಲೆ ಪೂರ್ತಿಯಿದ್ದು ಹುಟ್ಟಿನ ಇಂಜಿನ್ ಉಳಿಸಿಕೊಂಡ ಮಾಸಲು ಕಾರಿಗೆ ಹೆಚ್ಚು ಕೊಟ್ಟವರೇ ಜಾಣರು.

ಬುಲಿಟ್ ಕಾರಿಗೆ ಒಬ್ಬ ಅವಳಿ ಇದ್ದ. ಚಿತ್ರಕ್ಕೆ ಎರಡು ಮಸ್ಟ್ಯಾಂಗ್ ಬಳಸಿದ್ದರು. ಹಾರಿಸಿ, ಕುಕ್ಕಿ ಜಜ್ಜಿದ ಇನ್ನೊಂದನ್ನು ಗುಜರಿಗೆ ಹಾಕಿದರೆಂದು ಎಲ್ಲರೂ ನಂಬಿದ್ದರು. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಹಳೆಯ ಮಸ್ಟ್ಯಾಂಗ್ ಒಂದರ ಬರೀ ಹೊರಮೈ ಕೊಂಡು, ಅದನ್ನು ಇನ್ನೊಂದು ಸಿನಿಮಾದ 'ಎಲೆನರ್' ಕಾರಿನ ನಕಲು ಮಾಡಲು ಹೊರಟಿದ್ದರು. ಕೆಲಸದ ನಡುವೆ ಶಾಸಿ ನಂಬರ್ ವಿಚಾರಿಸಿದರು. ಕೆವಿನ್ ಮಾರ್ಟಿ ತಾವೇ ಹೋಗಿ ಕಾರನ್ನು ಪರೀಕ್ಷಿಸಿದರು. 2017ರಲ್ಲಿ ಸುದ್ದಿ ಹೊರಬಿತ್ತು. ನಕಲಿನ ಕೆಲಸ ಅಲ್ಲಿಗೇ ನಿಂತಿತು. ಆ ತಗಡಿನ ಮೇಲಿದ್ದ ಸಂಖ್ಯೆ 8ಆರ್02ಎಸ್125558.